ಬೋರಲು ಹಾಕಿದ ಕಲ್ಲು

ಕಳೆದ ತಿಂಗಳು ಒಂದು ಮದುವೆ ನಡೆಸಿಕೊಡಲು ಗಜೇಂದ್ರಗಡಕ್ಕೆ ಹೋಗಿದ್ದೆ. ಮದುವೆ ಮುಗಿದು ಊಟವೂ ಆದ ಮೇಲೆ ಗದಗಿನ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಜಿಟಿಜಿಟಿ ಮಳೆ ಹಿಡಿದಿತ್ತು. ಕೊಡೆ ಬಿಚ್ಚಿಕೊಂಡು ಗುಡ್ಡದ ಬುಡದ ನೇಕಾರ ಓಣಿಯ ಕಡೆ ಹೊರಳಿದೆ. ತಿರುವಿನಲ್ಲೇ ಗಂಜಿಯ ವಾಸನೆ ಬಂತು. ಬಿಗಿಯಾಗಲೆಂದು ಮಗ್ಗದ ಉದ್ದೆಳೆಗಳಿಗೆ, ಹಾಸಿನ ನೂಲಿಗೆ, ಹಚ್ಚುವ ಗಂಜಿ ಅದು. ಒದ್ದೆ ಹವೆಯಲ್ಲಿ ಸ್ವಲ್ಪ ಹುಳಿ ಹುಳಿಯಾಗಿ ಮೂಗಿಗೆ ಅಡರುತ್ತದೆ. ಅದನ್ನು ಒಳ್ಳೆಯ ವಾಸನೆ ಎಂದು ಯಾರೂ ಹೇಳಲಿಕ್ಕಿಲ್ಲ. ನನಗೆ ಮಾತ್ರ ಇನ್ನೊಮ್ಮೆ ಉಂಡಷ್ಟು ಸಂತೋಷವಾಯಿತು. ಒಂದು ಇಡೀ ಮಳೆಗಾಲ ಈ ವಾಸನೆಯಲ್ಲೇ ನಾನು ಪ್ರಾರ್ಥನೆ ನಡೆಸಿದ್ದೇನೆ.

ಆ ಊರಲ್ಲಿ ನಾನಿದ್ದದ್ದು ಒಂದೇ ವರ್ಷ. ಸಭಾಪಾಲಕನಾಗಿ, ಅಂದರೆ ಚರ್ಚಿನ ಪಾದ್ರಿಯಾಗಿ, ಅದು ನನ್ನ ಮೊದಲ ನೇಮಕ. ಬೆಟಗೇರಿಯಲ್ಲಿ ಹುಟ್ಟಿ ಬೆಳೆದವನು ನಾನು. ಅಲ್ಲಿಯ ದೊಡ್ಡ ದೇವಾಲಯ, ದೊಡ್ಡ ಗಂಟೆ, ಹಬ್ಬದ ದಿನ ಒಳಗೆ ಕಾಲಿಡಲೂ ಆಗದಷ್ಟು ಜನ, ಇದನ್ನೆಲ್ಲ ನೋಡಿಯೇ ಈ ಕೆಲಸಕ್ಕೆ ಮನಸ್ಸು ಮಾಡಿದ್ದೆ. ಮೇಲಿನವರು ನನ್ನ ಕೈಗೆ ಒಂದರ ಬದಲು ಮೂರು ಊರು ಕೊಟ್ಟರು. ಗಜೇಂದ್ರಗಡದಲ್ಲಿ ಮನೆ. ಭಾನುವಾರ ಬೆಳಿಗ್ಗೆ ಅಲ್ಲಿಯ ಆರಾಧನೆ ಮುಗಿಸಿ ಬಸ್ಸು ಹಿಡಿದು ಸಂಜೆ ರೋಣ, ತಿಂಗಳಿಗೊಮ್ಮೆ ನರಗುಂದ. ಮೂರೂ ಊರಿನ ಕ್ರೈಸ್ತರನ್ನು ಒಟ್ಟಿಗೆ ಕೂರಿಸಿದರೂ ಬೆಟಗೇರಿಯ ಒಂದು ಮೂಲೆ ತುಂಬುತ್ತಿರಲಿಲ್ಲ. ಗಜೇಂದ್ರಗಡದ ದೇವಾಲಯವೆಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಗಂಟೆಯನ್ನು ಬೇವಿನ ಮರಕ್ಕೆ ತೂಗುಹಾಕಿದ್ದರು. ಬೇವಿನ ಮರದಲ್ಲಿ ಕಾಗೆ ಕೂತಾಗಲೂ ಅದು ಒಮ್ಮೊಮ್ಮೆ ಸಣ್ಣಗೆ ಸದ್ದು ಮಾಡುತ್ತಿತ್ತು. ನನಗೆ ಅದು ದೊಡ್ಡ ಅವಮಾನ ಎನಿಸುತ್ತಿತ್ತು.

ಹೋದ ಒಂದೇ ವಾರಕ್ಕೆ ನಾನು ಮನಸ್ಸಿನಲ್ಲಿ ಗೋಪುರ ಕಟ್ಟಿ ಮುಗಿಸಿದ್ದೆ. ಮೂರು ಅಂತಸ್ತಿನ ಗಂಟೆಗೋಪುರ, ಕೆಳಗೆ ಮಳೆಯಲ್ಲಿ ಜನ ನಿಲ್ಲಲು ಮಂಟಪ. ಇದಕ್ಕೆಲ್ಲ ಆಧಾರ ಸಿಸ್ಟರಬಾಯಿಯವರು.

ಅವರ ಹೆಸರು ರೂತಾಬಾಯಿ. ಊರಿನ ದವಾಖಾನೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಹೆಸರು ಹಿಡಿದು ಕರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸಿಸ್ಟರಬಾಯಾರು ಎಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತಿದ್ದರು. ಮಕ್ಕಳಿಲ್ಲ. ಯಾರಾದರೂ ಆ ಮಾತು ಎತ್ತಿದರೆ, ಈ ಊರಾಗ ಅರ್ಧ ಮಂದಿ ನನ್ನ ಕೈಯಾಗ ಹುಟ್ಟ್ಯಾರ, ಇನ್ನೆಷ್ಟು ಬೇಕು ಎಂದು ನಗುತ್ತಿದ್ದರು. ಅವರ ಗಂಡ ದೇವದಾನ ಮಾಸ್ತರರು ಮುಶಿಗೇರಿ ದಾರಿಯಲ್ಲಿ ಗುಡ್ಡದ ಮೇಲೆ ಬರೀ ಕಲ್ಲೇ ಇದ್ದ ಒಂದಿಷ್ಟು ಹೊಲ ತೆಗೆದುಕೊಂಡಿದ್ದರಂತೆ. ಏನು ಬಿತ್ತಿದರೂ ಬೆಳೆಯದ ಹೊಲ. ಊರೆಲ್ಲ ಅವರನ್ನು ನೋಡಿ ನಕ್ಕಿತ್ತು. ಮುಂದೆ ಗಾಳಿಯಿಂದ ಕರೆಂಟು ಮಾಡುವವರು ಬಂದು ಆ ಗುಡ್ಡದ ಮೇಲೆ ದೊಡ್ಡ ದೊಡ್ಡ ಫ್ಯಾನು ನಿಲ್ಲಿಸಿದರು. ಜೋಳ ಬೆಳೆಯದ ಹೊಲದಲ್ಲಿ ಗಾಳಿ ಬೆಳೆಯಿತು. ವರ್ಷ ವರ್ಷ ಬಾಯಿಯವರ ಮನೆಗೆ ದುಡ್ಡು ಬರತೊಡಗಿತು. ಮಾಸ್ತರರು ಅದನ್ನು ನೋಡಿದ್ದು ಒಂದೆರಡು ವರ್ಷ ಮಾತ್ರ. ಅಷ್ಟರಲ್ಲಿ ಅವರು ನೇಕಾರ ಓಣಿಗೆ ಬೆನ್ನು ಹಚ್ಚಿ ಒಂದು ಮನೆ ಕಟ್ಟಿಸಿದರು. ಎದೆಯೆತ್ತರದ ಪಾಯ, ಒಳಗೆ ಮಂದಿ ಕೂರಲು ದೊಡ್ಡ ಹಾಲು, ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟು. ಒಂದೊಂದು ಕಲ್ಲನ್ನೂ ಮಾಸ್ತರರು ತಾವೇ ಹೋಗಿ ಆರಿಸಿ ತಂದದ್ದು. ಹಾಲಿನಲ್ಲಿ ಗುರುವಾರದ ಪ್ರಾರ್ಥನಾಕೂಟ ಆಗಬೇಕೆಂಬುದು ಅವರ ಆಸೆ. ನಾನು ಹೋಗುವ ಹೊತ್ತಿಗೆ ಮಾಸ್ತರರು ಇರಲಿಲ್ಲ. ಪ್ರಾರ್ಥನಾಕೂಟ ಮಾತ್ರ ಅಲ್ಲೇ ನಡೆಯುತ್ತಿತ್ತು. ಕನ್ನಡಿಯಂಥ ಆ ನೆಲದ ಮೇಲೆ ಕಾಲಿಡಲು ನಮ್ಮ ಸಭೆಯವರು ಅಂಜುತ್ತಿದ್ದರು.

ನಾನು ಗೋಪುರದ ಮಾತು ಎತ್ತಿದಾಗ ಬಾಯಿಯವರು ಸಮಾಧಾನದಿಂದ ಕೇಳಿದರು. ಈ ವರ್ಷ ಬರುವ ಗಾಳಿಯ ದುಡ್ಡು ದೇವರ ಕೆಲಸಕ್ಕೇ ಇಟ್ಟಿದ್ದೇನೆ ಎಂದರು. ಅವರು ಹೇಳಿದ್ದು ಅಷ್ಟೇ. ನಾನು ಕೇಳಿಸಿಕೊಂಡದ್ದು ಗೋಪುರ ಎಂದು. ಮರುವಾರವೇ ಇಳಕಲ್ಲಿಗೆ ಹೋಗಿ ಒಂದು ಶಿಲಾಫಲಕ ಕೆತ್ತಿಸಿದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಬೆರಳು ದಪ್ಪ. ಮೇಲೆ ಒಂದು ಶಿಲುಬೆ. ಅದರ ಕೆಳಗೆ ದೇವರಿಗೆ ಸ್ತೋತ್ರ ಸಣ್ಣ ಅಕ್ಷರದಲ್ಲಿ, ನನ್ನ ಹೆಸರು ದೊಡ್ಡ ಅಕ್ಷರದಲ್ಲಿ. ತಾರೀಕಿಗೆ ಜಾಗ ಖಾಲಿ ಬಿಡಿಸಿದ್ದೆ. ಅದನ್ನು ಟಂಟಂ ಗಾಡಿಯಲ್ಲಿ ಹೇರಿಸಿಕೊಂಡು ಬಂದು ನಮ್ಮ ಮನೆಯ ಗೋಡೆಗೆ ಆನಿಸಿ ಗೋಣಿಚೀಲ ಹೊದಿಸಿದೆ. ಆಗ ನನಗೆ ಇಪ್ಪತ್ತೇಳು ವರ್ಷ. ಅದಕ್ಕಿಂತ ಹೆಚ್ಚಿನ ಸಮಜಾಯಿಷಿ ನನ್ನಲ್ಲಿಲ್ಲ.

ಶ್ರಾವಣದಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗೆ ಹೀಗೆ ಹಿಡಿಯುವ ರೂಢಿ ಇಲ್ಲ. ಬಂದರೆ ಒಮ್ಮೆ ಹೊಡೆದು ಹೋಗುತ್ತದೆ. ಆ ವರ್ಷ ಹೋಗಲೇ ಇಲ್ಲ. ರೋಣದ ಎರೆಹೊಲಗಳಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ನರಗುಂದದ ಬಸ್ಸು ಶಿರೋಳದಲ್ಲೇ ನಿಂತುಬಿಡುತ್ತಿತ್ತು, ಮುಂದೆ ಹಳ್ಳ ತುಂಬಿದೆ ಎಂದು ಇಳಿಸಿಬಿಡುತ್ತಿದ್ದರು. ಗಜೇಂದ್ರಗಡದಲ್ಲಿ ಹಳ್ಳದ ಕಾಟ ಇರಲಿಲ್ಲ. ಅಲ್ಲಿಯ ಕಾಟ ನೆಲದ ಒಳಗಿನದು. ಗುಡ್ಡ ಕುಡಿದ ನೀರೆಲ್ಲ ಬುಡದಲ್ಲಿ ಜಿನುಗತೊಡಗಿತು, ಮತ್ತು ಗುಡ್ಡದ ಬುಡದಲ್ಲಿ ಇದ್ದದ್ದು ನೇಕಾರ ಓಣಿ.

ಅಲ್ಲಿಯದೆಲ್ಲ ಕುಣಿ ಮಗ್ಗ. ನೆಲದಲ್ಲಿ ತಗ್ಗು ತೋಡಿ, ನೇಕಾರ ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಗೋಲು ತುಳಿಯುತ್ತ ನೇಯಬೇಕು. ಆ ತಗ್ಗುಗಳಲ್ಲಿ ನೀರು ಎದ್ದಿತು. ಬೆಳಿಗ್ಗೆ ಎದ್ದು ಡಬ್ಬಿಯಿಂದ ಗೋರಿ ಚೆಲ್ಲಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಹಾಸಿನ ನೂಲಿಗೆ ಬೂಸು ಹತ್ತಿತು. ಒಂದು ವಾರವಾಯಿತು, ಎರಡು ವಾರವಾಯಿತು, ಓಣಿಯಲ್ಲಿ ಮಗ್ಗದ ಸದ್ದು ನಿಂತುಹೋಯಿತು. ಸದ್ದು ಇದ್ದಾಗ ಅದು ನನ್ನ ಭಾನುವಾರದ ಪ್ರಸಂಗದ, ಅಂದರೆ ಉಪದೇಶದ, ತಯಾರಿಗೆ ಅಡ್ಡಿ ಎಂದು ಗೊಣಗುತ್ತಿದ್ದೆ. ನಿಂತ ಮೇಲೆ ಏನೋ ಕಳೆದುಕೊಂಡವನ ಹಾಗೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ.

ಬಾಯಿಯವರ ಹಿತ್ತಲಿಗೆ ಹೊಂದಿಕೊಂಡಿದ್ದದ್ದು ಈಶ್ವರಪ್ಪನ ಮನೆ. ಅರವತ್ತರ ಹತ್ತಿರದ ವಯಸ್ಸು, ನೀಳ ದೇಹ, ಹಣೆಯ ಮೇಲೆ ಮೂರು ಬೆರಳ ವಿಭೂತಿ. ಪಟ್ಟೇದ ಅಂಚಿನ ಸೀರೆ ನೇಯುವುದರಲ್ಲಿ ಅವನ ಕೈಗೆ ಇನ್ನೊಂದು ಕೈ ಇಲ್ಲ ಎಂದು ಓಣಿಯೇ ಹೇಳುತ್ತಿತ್ತು. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಮಗಳು ಲಕ್ಷ್ಮಿ. ಅವಳಿಗೆ ಆಗ ಇಪ್ಪತ್ತು ತುಂಬಿತ್ತು, ಅಪ್ಪನಷ್ಟೇ ಬಿಗಿ ನೇಯುತ್ತಿದ್ದಳು. ಅವರ ಮಗ್ಗುಲ ಮನೆಯಲ್ಲಿ ಇನ್ನೆರಡು ಮಗ್ಗ. ನೇಕಾರರ ಹಬ್ಬದ ಗಿರಾಕಿಯೆಲ್ಲ ಇದ್ದದ್ದು ದಸರೆಯಿಂದ ದೀಪಾವಳಿಯ ತನಕ. ಇಳಕಲ್ಲಿನ ವ್ಯಾಪಾರಿ ಒಬ್ಬ ಬಂದು, ಇದನ್ನೆಲ್ಲ ಬಿಟ್ಟು ತನ್ನ ಕರೆಂಟಿನ ಮಗ್ಗಕ್ಕೆ ಬಂದುಬಿಡು ಎಂದು ಈಶ್ವರಪ್ಪನಿಗೆ ಹೇಳಿ ಹೋಗಿದ್ದ. ದಸರೆಯೊಳಗೆ ಕುಣಿ ಒಣಗದಿದ್ದರೆ ಹೋಗುವುದೇ ಎಂದು ಇವನೂ ಗಟ್ಟಿ ಮಾಡಿದ್ದ. ಹೋಗುವವರು ಕುಣಿ ಮಗ್ಗ ಹೊತ್ತುಕೊಂಡು ಹೋಗುವುದಿಲ್ಲ. ಅಜ್ಜನ ಕಾಲದ ತೇಗದ ಕಟ್ಟಿಗೆಯನ್ನು ಬಿಚ್ಚಿ ಒಲೆಗೆ ಕೊಡುವುದು, ಅಷ್ಟೇ. ಲಕ್ಷ್ಮಿ ಇದನ್ನು ಬಾಯಿಯವರ ಮುಂದೆ ಹೇಳಿ ಅತ್ತಳಂತೆ.

ಮರುದಿನ ಬಾಯಿಯವರು ನನ್ನನ್ನು ಕರೆಸಿದರು. ಗೋಪುರದ ಮಾತಿಗೇ ಇರಬೇಕೆಂದು ನಕ್ಷೆ ಹಿಡಿದುಕೊಂಡು ಹೋದೆ. ಅವರು ಹಾಲಿನ ನಡುವೆ ಬರಿಗಾಲಲ್ಲಿ ನಿಂತು ನೆಲ ನೋಡುತ್ತಿದ್ದರು.

"ಅಯ್ಯನವರ, ಇಲ್ಲಿ ನಾಲ್ಕು ಕುಣಿ ತೋಡಿಸೂಣಂತ. ಪಾಯ ಎತ್ತರ ಐತಿ, ಒಳಗ ಗರಸು ಮಣ್ಣು ತುಂಬೇತಿ, ನೀರು ಏಳೂದಿಲ್ಲ. ಆ ನಾಲ್ಕೂ ಮಗ್ಗ ಇಲ್ಲಿ ಬರಲಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಇದ್ದಬದ್ದ ಮಾತೆಲ್ಲ ಆಡಿದೆ. ಮಾಸ್ತರರು ಆರಿಸಿ ತಂದ ಕಲ್ಲು ಎಂದೆ. ಒಮ್ಮೆ ಕೊರೆದರೆ ಮತ್ತೆ ಹಾಗೆ ಕೂಡುವುದಿಲ್ಲ ಎಂದೆ. ಕಷ್ಟಕ್ಕೆ ಸ್ವಲ್ಪ ದುಡ್ಡು ಕೊಟ್ಟರೆ ಮುಗಿಯಿತಲ್ಲ ಎಂದೆ. ದುಡ್ಡು ಕೊಟ್ಟರೆ ಅವನು ಇಳಕಲ್ಲಿಗೆ ಹೋಗಲು ಬಸ್ಸಿನ ಖರ್ಚಿಗಾಗುತ್ತದೆ, ಮಗ್ಗಕ್ಕೆ ಬೇಕಾದದ್ದು ಒಣನೆಲ ಎಂದರು ಅವರು. ಮಳೆ ನಿಂತ ಮೇಲೆ ಓಣಿಯ ಒಂದೊಂದು ಕುಣಿಗೂ ಕಲ್ಲು ಸಿಮೆಂಟು ಕಟ್ಟಿಸಿಕೊಡುವುದು, ಈ ವರ್ಷದ ಗಾಳಿಯ ದುಡ್ಡು ಅದಕ್ಕೇ ಎಂದೂ ಹೇಳಿದರು. ನನ್ನ ಕೈಯಲ್ಲಿದ್ದ ನಕ್ಷೆ ಭಾರವಾಯಿತು. ದೇವರ ಕೆಲಸಕ್ಕೆ ಎಂದಿದ್ದಿರಲ್ಲ, ಗೋಪುರ ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ಗಂಟಿ ಎತ್ತರಕ್ಕ ಕಟ್ಟಿದ್ರ ದೂರ ಕೇಳತೈತಿ, ಖರೇ," ಎಂದರು. "ಕೇಳಿ ಬಂದವ್ರು ಏನ್ ನೋಡಬೇಕು ಹೇಳ್ರಿ. ನನ್ನ ಹಿತ್ತಲದಾಗ ಮಗ್ಗ ಮುರದು ಒಲಿಗೆ ಹಾಕೂದ ನೋಡಬೇಕೇನು?" ಬರಿಗಾಲಿನಿಂದ ನೆಲದ ಕಲ್ಲು ಸವರಿ ಮತ್ತೆ ಹೇಳಿದರು. "ನಮ್ಮವರು ಈ ಕಲ್ಲ ಆರಿಸಿದ್ದು ಮಂದಿ ಕುಂಡ್ರಲಿ ಅಂತ. ಈಗ ಯಾರೂ ಅಂಜಿ ಕುಂಡ್ರವಲ್ಲರು. ನೇಕಾರ್ರು ಕುಂಡ್ರತಾರ."

ನಾನು ಸಿಟ್ಟಿನಿಂದಲೇ ಎದ್ದು ಬಂದೆ. ಆ ಭಾನುವಾರ ಸಂಜೆ ರೋಣದಲ್ಲಿ ನಾನು ಮಾಡಿದ ಪ್ರಸಂಗ ಯಾವುದರ ಮೇಲೆ ಎಂದರೆ ನಗು ಬರುತ್ತದೆ. ಇದ್ದವರು ಇಲ್ಲದವರಿಗೆ ಮನಸಾರೆ ಕೊಡಬೇಕು ಎಂಬುದರ ಮೇಲೆ. ಒಂದು ತಿಂಗಳ ಮೊದಲೇ ಬರೆದಿಟ್ಟದ್ದು, ಬದಲಿಸಲು ವೇಳೆ ಇರಲಿಲ್ಲ. ಮುಗಿದ ಮೇಲೆ ಅಸೂಟಿಯಿಂದ ಬಂದಿದ್ದ ರೈತ ಒಬ್ಬ ನನ್ನ ಕೈ ಹಿಡಿದು, ಭಾಳ ಚಲೋ ಹೇಳಿದ್ರಿ ಅಯ್ಯನವರ ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಮುಖ ಕಿಟಕಿಯ ಕಡೆಗೇ ಇತ್ತು.

ಸೋಮವಾರ ಬಾಯಿಯವರು ಇನ್ನೊಂದು ಕೆಲಸ ಹಚ್ಚಿದರು. ಈಶ್ವರಪ್ಪನಿಗೆ ನಾನೇ ಹೋಗಿ ಹೇಳಬೇಕು. ಹೋದೆ. ಅವನು ಮಂಚದ ಮೇಲೆ ಕಂಬಳಿ ಹಾಸಿ ಕೂರಿಸಿ, ಬೆಲ್ಲದ ಚಹಾ ಕೊಟ್ಟು, ನನ್ನ ಮಾತು ಪೂರಾ ಕೇಳಿದ. ಮೂಲೆಯಲ್ಲಿ ಮಗ್ಗ ಇತ್ತು, ಅದರ ಕೆಳಗೆ ನೀರು ಹೊಳೆಯುತ್ತಿತ್ತು.

"ಪಾದ್ರಿಗೋಳ, ಬಾಯಾರ ಮ್ಯಾಲ ನನಗೇನೂ ಸಿಟ್ಟಿಲ್ಲರಿ. ಈ ಹುಡುಗಿ ಹುಟ್ಟಿದ್ದ ಅವರ ಕೈಯಾಗ. ಆದ್ರ ಇವತ್ತ ಅವರ ಮನ್ಯಾಗ ಮಗ್ಗ ಹೂಡಿದ್ರ, ನಾಳೆ ಈಶ್ವರಪ್ಪ ಹೊಟ್ಟಿಗಾಗಿ ದೇವರ ಬದಲಿ ಮಾಡಿದ ಅಂತ ಓಣ್ಯಾಗ ಆಡಿಕೋತಾರ. ನನಗ ಮಂದಿ ಕಡಿಂದ ಇಸಗೊಂಡು ರೂಢಿ ಇಲ್ಲರಿ. ಬ್ಯಾಡ."

ಹಾಗೆ ಯಾರೂ ಅನ್ನುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅನ್ನುತ್ತಾರೆ ಎಂದು ನನಗೂ ಗೊತ್ತಿತ್ತು. ಚಹಾ ಕುಡಿದು ಎದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಅವನು ಒಲ್ಲೆ ಎಂದ ಮೇಲೆ ನೆಲವೂ ಉಳಿಯಿತು, ಗೋಪುರವೂ ಉಳಿದೀತು. ಹೋಗಿ ಬಾಯಿಯವರಿಗೆ ವರದಿ ಒಪ್ಪಿಸಿದೆ. ಅವರಿಗೆ ಬೇಸರವಾಗಲಿಲ್ಲ. ಅವನ ಮಾತಿನಲ್ಲಿ ತಪ್ಪೇನಿದೆ ಎಂದರು. ಆಮೇಲೆ, ಅವ ಬರಲಿ ಬಿಡಲಿ ಕುಣಿ ತಯಾರಿರಲಿ, ನಾಳೆ ಸುಂದರಪ್ಪನ್ನ ಕರಕೊಂಡು ಬರ್ರಿ ಎಂದು ಅಪ್ಪಣೆ ಮಾಡಿದರು.

ಸುಂದರಪ್ಪ ನಮ್ಮ ಸಭೆಯ ಹಿರಿಯ. ದೇವಾಲಯದ ಗಂಟೆ ಬಾರಿಸುವುದು, ಕಸ ಹೊಡೆಯುವುದು, ಯಾರಾದರೂ ತೀರಿಕೊಂಡರೆ ಸಮಾಧಿ ತೋಡುವುದು, ಎಲ್ಲ ಅವನೇ. ಕಲ್ಲು ಕೊರೆಯುವ ಮಿಷಿನ್ನಿನವನು ಬಂದು ಹಾಲಿನ ಕಿಟಕಿಯ ಬಗಲಿಗೆ ಕೆಂಪು ಗ್ರಾನೈಟನ್ನು ಉದ್ದಕ್ಕೆ ಕತ್ತರಿಸಿ ಎತ್ತಿದ. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಬಾಯಿಯವರು ಅಡುಗೆಮನೆಯಲ್ಲಿ ಕೂತು ಕಡಲೆ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ. ಮುಂದಿನ ಕೆಲಸ ಸುಂದರಪ್ಪನದು, ಮೇಲ್ವಿಚಾರಣೆ ನನ್ನದು. ಅವನಿಗೂ ನನಗೂ ಈ ಜನ್ಮದಲ್ಲಿ ಗೊತ್ತಿದ್ದದ್ದು ಒಂದೇ ನಮೂನೆಯ ಕುಣಿ. ಅವನು ಮೊಳ ಹಾಕಿ ಅಳೆದ, ನಾನು ತಲೆಯಾಡಿಸಿದೆ. ಮಧ್ಯಾಹ್ನದ ತನಕ ತೋಡಿದ. ಬದಿಗಳು ಗೆರೆ ಕೊರೆದಷ್ಟು ನೆಟ್ಟಗೆ, ಮೂಲೆಗಳು ಚೊಕ್ಕ. ಕೆಲಸ ಎಂದರೆ ಹೀಗಿರಬೇಕು ಎಂದು ಅವನ ಬೆನ್ನು ತಟ್ಟಿದೆ.

ಮಿಷಿನ್ನಿನ ಸದ್ದಿಗೆ ಈಶ್ವರಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ. ನಾನು ನೋಡಿಯೂ ನೋಡದವನಂತೆ ಇದ್ದೆ. ಅವನು ಹೊಸ್ತಿಲಾಚೆಯಿಂದಲೇ ಕತ್ತು ಉದ್ದ ಮಾಡಿ ಒಳಗೆ ನೋಡಿದ. ತಗ್ಗನ್ನು ನೋಡಿದ, ಅದರೊಳಗೆ ಎದೆಯ ತನಕ ಮುಳುಗಿ ನಿಂತಿದ್ದ ಸುಂದರಪ್ಪನನ್ನು ನೋಡಿದ, ಮೇಲೆ ಕೈಕಟ್ಟಿ ನಿಂತ ನನ್ನನ್ನು ನೋಡಿದ.

"ಪಾದ್ರಿಗೋಳ, ಇಲ್ಲಿ ಯಾರನ್ನ ಮಲಗಸೂರರಿ?"

ನಾನು ಕೆಳಗೆ ನೋಡಿದೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎದೆಯಾಳ. ಸುಂದರಪ್ಪನೂ ತಾನು ನಿಂತ ಜಾಗವನ್ನು ಒಮ್ಮೆ ಸುತ್ತ ನೋಡಿಕೊಂಡ. ಅಡುಗೆಮನೆಯಿಂದ ಬಾಯಿಯವರು ಬಂದು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೊದಲು ನಕ್ಕವನು ಈಶ್ವರಪ್ಪ. ನೀರು ಎದ್ದ ದಿನದಿಂದ ಅವನು ನಕ್ಕದ್ದನ್ನು ಯಾರೂ ನೋಡಿರಲಿಲ್ಲವಂತೆ. ನಗು ಅವನ ಹೊಟ್ಟೆಯಿಂದ ಬಂತು, ಗೋಡೆ ಹಿಡಿದುಕೊಂಡು ನಕ್ಕ. ನಗುತ್ತಲೇ ಚಪ್ಪಲಿ ಬಿಟ್ಟ. ನಗುತ್ತಲೇ ಹೊಸ್ತಿಲು ದಾಟಿದ. ಸುಂದರಪ್ಪನಿಗೆ ಮೇಲೆ ಬರಲು ಕೈಕೊಟ್ಟು ತಾನೇ ಕೆಳಗೆ ಇಳಿದ. ತಳದ ಮಣ್ಣು ಹಿಡಿದು ಮೂಸಿದ.

"ನೋಡ್ರಿ ಇಲ್ಲಿ, ಹಸಿ ಹತ್ತೇತಿ. ಇಷ್ಟು ಆಳ ತೋಡಿ ಮತ್ತ ನೀರನ್ನ ನೀವ ಕರದೀರಿ. ಮೊಣಕಾಲಿನ ಮ್ಯಾಲ ಒಂದು ಗೇಣು ಸಾಕು. ಬೆಳಕು ಎಡಕ್ಕ ಬರಬೇಕು, ನೀವು ಕಿಟಕಿಗೆ ಬೆನ್ನು ಮಾಡೀರಿ. ಸರೀರಿ ಅತ್ತಾಗ, ಸಲಿಕಿ ಕೊಡ್ರಿ."

ಸಲಿಕೆ ಕೊಟ್ಟೆ. ಕೆಟ್ಟ ಕುಣಿಯನ್ನು ನೋಡಿಕೊಂಡು ಸುಮ್ಮನೆ ಹೋಗಲು ಅವನಿಂದ ಆಗಲಿಲ್ಲ, ಅಷ್ಟೇ. ಸಂಜೆಯ ಹೊತ್ತಿಗೆ ಅರ್ಧ ಕುಣಿಯನ್ನು ಮಣ್ಣು ತುಂಬಿ ತುಳಿದು ಸರಿಪಡಿಸಿದ್ದ, ಉಳಿದ ಮೂರಕ್ಕೆ ಇದ್ದಲಿಯಿಂದ ಗುರುತು ಹಾಕಿದ್ದ. ತಾನು ಒಳಗೆ ಬಂದದ್ದು ಅವನಿಗೆ ನೆನಪಾದದ್ದು ಕೈತೊಳೆಯುವಾಗ. ನಾಚಿಕೊಂಡು ನಿಂತ. ಬಾಯಿಯವರು ತಂಬಿಗೆ ನೀರು ಹಿಡಿದು ಕೈಗೆ ಹಾಕಿದರು. ಆಮೇಲೆ ಅವನೇ ಕರಾರು ಹೇಳಿದ. ಮಗ್ಗಕ್ಕೆ ಕೂತಾಗ ಯಾರೂ ತಮಗೆ ದೇವರ ಮಾತು ಹೇಳಬಾರದು. ಗುರುವಾರದ ಕೂಟದ ಹೊತ್ತಿಗೆ ತಾವು ಲಾಳಿ ನಿಲ್ಲಿಸುತ್ತೇವೆ. ದಸರೆಗೆ ಮಗ್ಗದ ಪೂಜೆಗೆ ಮಾತ್ರ ಮನೆಗೆ ಹೋಗಲಾಗುವುದಿಲ್ಲ, ಮಗ್ಗ ಇಲ್ಲಿರುತ್ತದೆ, ಹೇಗೆ ಮಾಡುವುದು ಎಂದು ತಡೆದ.

"ಇಲ್ಲೇ ಮಾಡು," ಎಂದರು ಬಾಯಿಯವರು. "ನಿನ್ನ ಮಗ್ಗ, ನಿನ್ನ ದೇವರು. ಎಣ್ಣಿ ಚೆಲ್ಲಿದ್ರ ಒರಸಿ ಹೋಗು, ನನಗ ಮೊಣಕಾಲು ನೋವು."

ಪ್ರಾರ್ಥನಾಕೂಟದ ಹಾಲಿನಲ್ಲಿ ಅರಿಸಿನ ಕುಂಕುಮ ಎಂದು ಮೇಲಿನವರಿಗೆ ತಿಳಿದರೆ ನನ್ನ ಗತಿ ಏನು ಎಂದು ಬಾಯಿಯವರು ಒಬ್ಬರೇ ಇದ್ದಾಗ ಕೇಳಿದೆ. ಆ ದಿನ ನೀವು ನರಗುಂದಕ್ಕೆ ಹೋಗ್ರಿ ಎಂದರು. ಹಾಗೇ ಮಾಡಿದೆ.

ಇನ್ನೊಂದು ತೊಡಕು ಉಳಿದಿತ್ತು. ಸಮಾಧಿಯ ಅಳತೆಗೆ ತೋಡಿದ ಆ ಮೊದಲ ಕುಣಿಯಲ್ಲಿ ತುಂಬಿದ್ದು ಸಡಿಲ ಮಣ್ಣು. ಅದೇ ಈಶ್ವರಪ್ಪನ ಮಗ್ಗದ ಜಾಗ. ಅವನು ಕೂರುವ ಅಂಚು ದಿನಾ ಸ್ವಲ್ಪ ಸ್ವಲ್ಪ ಕುಸಿಯುತ್ತಿತ್ತು. ಹಲಗೆ ಹಾಕಿದರೆ ವಾಲುತ್ತಿತ್ತು, ನೆಲದಿಂದ ಎತ್ತಿದ ಗ್ರಾನೈಟು ತೀರ ತೆಳು. ಭಾರದ ಒಂದು ಕಲ್ಲು ಬೇಕು, ಮೂರು ಅಡಿಯಾದರೂ ಉದ್ದ, ಒಂದೂವರೆ ಅಡಿ ಅಗಲ ಎಂದು ಅವನು ಸುಂದರಪ್ಪನಿಗೆ ಹೇಳುವುದನ್ನು ನಾನು ಕೇಳಿಸಿಕೊಂಡೆ. ಮಳೆಯಲ್ಲಿ ಕಲ್ಲಿನ ಗಾಡಿಗಳು ಬರುತ್ತಿರಲಿಲ್ಲ. ಬಾಯಿಯವರೂ ಕೇಳಿಸಿಕೊಂಡರು. ನನ್ನ ಮನೆಯ ಗೋಡೆಗೆ ಏನು ಆನಿಸಿದೆ ಎಂದು ಅವರಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಆದರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ಕೊಡುತ್ತಿರಲಿಲ್ಲ.

ಎರಡು ದಿನ ಆ ಗೋಣಿಚೀಲದ ಮುಂದೆ ಹಾದುಹೋದೆ. ಮೂರನೆಯ ದಿನ ಬೆಳಿಗ್ಗೆ ಸುಂದರಪ್ಪನನ್ನು ಕರೆದೆ. ಇಬ್ಬರೂ ಸೇರಿ ಕಲ್ಲನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋದೆವು. ನೇಕಾರರು ಇನ್ನೂ ಬಂದಿರಲಿಲ್ಲ. ಅಂಚಿಗೆ ಇಟ್ಟೆವು, ಅಳತೆ ಮಾಡಿಸಿದಂತೆ ಕೂತಿತು. ಅಕ್ಷರದ ಮಗ್ಗುಲು ಮೇಲಿತ್ತು. ನನ್ನ ಹೆಸರು, ಖಾಲಿ ತಾರೀಕು. ಸುಂದರಪ್ಪ ತಲೆ ಕೆರೆದುಕೊಳ್ಳುತ್ತ ನಿಂತ. ಹೊರಳಿಸೋಣ ಎಂದೆ. ಬೋರಲು ಹಾಕಿ ಸುತ್ತ ಮಣ್ಣು ತುಳಿದೆವು. ಎದ್ದು ಕೈ ಜಾಡಿಸಿದಾಗ, ಆ ಊರಿಗೆ ಬಂದ ಮೇಲೆ ಮೊದಲ ಸಲ ನನಗೆ ಹಗುರ ಎನಿಸಿತು. ಆ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಮೇಲಿನ ದಿನಗಳು ಸುಖದ ದಿನಗಳು. ಹೊರಗೆ ಮಳೆ, ಒಳಗೆ ನಾಲ್ಕು ಲಾಳಿಗಳ ಸದ್ದು. ಹಾಲಿನ ತುಂಬ ಗಂಜಿಯ ವಾಸನೆ. ಅಡುಗೆಮನೆಯಿಂದ ಬಾಯಿಯವರ ಒಗ್ಗರಣೆ. ಗುರುವಾರ ಸಂಜೆ ನಮ್ಮ ಸಭೆಯವರು ಮಗ್ಗಗಳ ನಡುವೆ ಜಾಗ ಮಾಡಿಕೊಂಡು ಕೂರುತ್ತಿದ್ದರು. ನೆಲದ ಅಂದ ಕೆಟ್ಟ ಮೇಲೆ ಅವರಿಗೆ ಕಾಲಿಡುವ ಅಂಜಿಕೆ ಹೋಗಿತ್ತು, ಕೂಟಕ್ಕೆ ಬರುವವರೂ ಹೆಚ್ಚಾದರು. ಓಣಿಯಲ್ಲಿ ಆಡಿಕೊಳ್ಳುವವರು ಒಂದು ವಾರ ಆಡಿಕೊಂಡರು. ಈಶ್ವರಪ್ಪನ ಹಣೆಯ ವಿಭೂತಿ ದಿನಾ ಮುಂಜಾನೆ ಎಂದಿನಂತೆ ಬೆಳ್ಳಗೆ ಹೊಳೆಯುತ್ತಿದ್ದದ್ದನ್ನು ನೋಡಿ ಅವರಿಗೇ ಬೇಸರ ಬಂತು. ದಸರೆ ಬಂತು, ಹೋಯಿತು. ಇಳಕಲ್ಲಿನ ವ್ಯಾಪಾರಿ ಮತ್ತೆ ಬಂದವನು ಸೀರೆ ತೆಗೆದುಕೊಂಡು ಹೋದ.

ಆ ಸಲದ ಸುಗ್ಗಿ ಹಬ್ಬವನ್ನು ಹೇಳದಿದ್ದರೆ ತಪ್ಪಾದೀತು. ನಮ್ಮ ದೇವಾಲಯಗಳಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ದುಡಿಮೆಯ ಮೊದಲ ಫಲ ತಂದು ಕಾಣಿಕೆ ಇಡುತ್ತಾರೆ. ಜೋಳ, ಕುಂಬಳಕಾಯಿ, ಕೋಳಿ, ನಿಂಬೆಹಣ್ಣು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದರ ಲಿಲಾವು, ಅಂದರೆ ಹರಾಜು ಆಗುತ್ತದೆ, ಬಂದ ದುಡ್ಡು ಬಡವರಿಗೆ ಹೋಗುತ್ತದೆ. ಬೇವಿನ ಮರದ ಕೆಳಗೆ ನಾನು ನಿಂಬೆಹಣ್ಣು ಎತ್ತಿ ಹಿಡಿದು ಕೂಗುತ್ತಿದ್ದಾಗ ಗೇಟಿನ ಹೊರಗೆ ಈಶ್ವರಪ್ಪ ಕಂಡ. ಕಂಕುಳಲ್ಲಿ ಒಂದು ಗಂಟು. ಲಕ್ಷ್ಮಿ ಹಿಂದೆ ನಿಂತಿದ್ದಳು. ಬರಮಾಡಿಕೊಳ್ಳಲು ಬಾಯಿಯವರು ಎದ್ದರು.

"ಮೊದಲ ಫಲ ತರೂದಂತಲ್ರಿ," ಎಂದ. "ಇದು ಆ ಕುಣಿಯಾಗ ನೇದ ಮೊದಲನೇ ಸೀರಿ. ಮಾರಿರಲಿಲ್ಲ."

ಕಡುಕೆಂಪು ಅಂಚು, ಹಳದಿ ಪಟ್ಟೆ. ಬಾಯಿಯವರು ಎರಡೂ ಕೈ ಒಡ್ಡಿ ಅದನ್ನು ಇಸಗೊಂಡರು. ಇಸಗೊಂಡು ರೂಢಿಯಿಲ್ಲದವನು ಕೊಟ್ಟು ನಿಂತಿದ್ದ, ಯಾವಾಗಲೂ ಕೊಡುತ್ತಿದ್ದವರು ಇಸಗೊಂಡು ನಿಂತಿದ್ದರು, ಇಬ್ಬರ ಮುಖದಲ್ಲೂ ಒಂದೇ ಸಂತೋಷ. ನಾನು ನಿಂಬೆಹಣ್ಣು ಕೆಳಗಿಟ್ಟು ಹಿಂದೆ ಸರಿದೆ, ಸೀರೆಯ ಲಿಲಾವು ಸುಂದರಪ್ಪ ಕೂಗಿದ. ಅಸೂಟಿಯ ಆ ರೈತನೇ ಬಿಡದೆ ಏರಿಸಿ ಏರಿಸಿ ಕೊಂಡು, ಹೆಂಡತಿಯ ಕೈಗೆ ಅಲ್ಲೇ ಕೊಟ್ಟ.

ಬೇಸಿಗೆಯಲ್ಲಿ ಓಣಿಯ ಕುಣಿಗಳಿಗೆಲ್ಲ ಕಲ್ಲು ಸಿಮೆಂಟು ಆಯಿತು. ಜೂನಿನಲ್ಲಿ ನನಗೆ ವರ್ಗವಾಯಿತು. ಗೋಪುರ ಇನ್ನೂ ಆಗಿಲ್ಲ. ಕಳೆದ ತಿಂಗಳ ಮದುವೆಗೂ ಗಂಟೆ ಬೇವಿನ ಮರದಿಂದಲೇ ಮೊಳಗಿತು.

ಆ ದಿನ ಕೊಡೆ ಮಡಚಿಟ್ಟು ಹಾಲಿನೊಳಗೆ ಹೋದಾಗ ಬಾಯಿಯವರು ಕುರ್ಚಿಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಎಂಬತ್ತು ದಾಟಿದೆ. ಈಗ ಹಾಲಿನಲ್ಲಿ ಇರುವುದು ಒಂದೇ ಮಗ್ಗ. ಉಳಿದವು ಮನೆಗೆ ಹೋದವು, ಇದನ್ನು ಬಾಯಿಯವರೇ ಬಿಡಲಿಲ್ಲ, ಸದ್ದಿಲ್ಲದಿದ್ದರೆ ಹಗಲು ಕಳೆಯುವುದಿಲ್ಲವಂತೆ. ಈಶ್ವರಪ್ಪನಿಗೆ ಕಣ್ಣು ಮಂಜಾಗಿದೆ, ಬಾಗಿಲಲ್ಲಿ ಕೂತು ಮಗಳ ಲಾಳಿಯ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಾನೆ. ನನ್ನ ದನಿ ಗುರುತಿಸಿ, ಪಾದ್ರಿಗೋಳ, ಮತ್ತ ಎಲ್ಲೆರ ಕುಣಿ ತೋಡಿಸಿದ್ರೇನ್ರಿ ಎಂದು ಕೇಳಿದ. ಮಗ್ಗದಲ್ಲಿ ಲಕ್ಷ್ಮಿ ಇದ್ದಳು, ನನ್ನ ಕಲ್ಲಿನ ಮೇಲೆ. ವರ್ಷಗಟ್ಟಲೆ ಕೂತು ಕೂತು ಅದರ ಬೆನ್ನು ಹೊಳಪು ಬಂದಿತ್ತು.

ಚಹಾ ಕುಡಿಯುವಾಗ ಅವಳು ಕೇಳಿದಳು. "ಅಯ್ಯನವರ, ನಾಳೆ ಗವಂಡಿ ಬರ್ತಾನ್ರಿ, ಈ ಅಂಚು ಸ್ವಲ್ಪ ಎಬ್ಬಿಸಿ ಸರಿ ಮಾಡಾಕ. ಈ ಕಲ್ಲಿನ ಕೆಳಗಿನ ಮಗ್ಗಲ ಏನೋ ಬರದೈತಂತ ಅಪ್ಪ ಅಂತಾನ. ಹೊರಳಿಸಿ ಹಾಕಸ್ಲೇನ್ರಿ, ಎಲ್ಲಾರೂ ನೋಡ್ತಾರ?"

ಬಾಯಿಯವರು ಸುತ್ತುತ್ತಿದ್ದ ಕೈ ನಿಲ್ಲಿಸಿದರು. ಈ ಸಲ ಮಾತ್ರ ನೇರ ನನ್ನ ಮುಖವನ್ನೇ ನೋಡಿದರು, ಕಣ್ಣಲ್ಲಿ ನಗು.

"ಬ್ಯಾಡವ್ವ," ಎಂದೆ. "ಹಿಂಗ ಇರಲಿ. ಅಕ್ಷರದ ಮ್ಯಾಲ ಕುಂತ್ರ ಚುಚ್ಚತಾವು."

ಸರಿ ಎಂದು ಅವಳು ಕಪ್ಪು ಕೆಳಗಿಟ್ಟು, ಕಲ್ಲಿನ ಮೇಲೆ ಮತ್ತೆ ಸರಿಯಾಗಿ ಕೂತು, ಲಾಳಿ ಎಸೆದಳು.